ಏಳೂವರೆಗೆ ಅಡಿಕೆ ಧಾರಣೆ: ಶಿರಸಿಯ ಕೇಬಲ್ ಚಾನಲ್‌ನಲ್ಲಿ ನನ್ನ ವರ್ಷಗಳು

ಶಿರಸಿಯಲ್ಲಿ ನಾವು ನಡೆಸುತ್ತಿದ್ದ ಕೇಬಲ್ ಚಾನಲ್‌ನಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ನೋಡುತ್ತಿದ್ದದ್ದು ನಾಲ್ಕು ನಿಮಿಷದ ಅಡಿಕೆ ಧಾರಣೆ. ಸಂಜೆ ಏಳೂವರೆಗೆ ತೆರೆಯ ಮೇಲೆ ರಾಶಿ, ಚಾಲಿ, ಬೆಟ್ಟೆ, ತಟ್ಟಿಬೆಟ್ಟೆ, ಕೆಂಪುಗೋಟು, ಬಿಳಿಗೋಟು, ಹೀಗೆ ಅಡಿಕೆಯ ಒಂದೊಂದು ಬಗೆಯ ದರ, ಕೊನೆಗೆ ಕಾಳುಮೆಣಸು, ಓದುವವನು ನಾನು. ಐದು ನಿಮಿಷ ತಡವಾದರೆ ಫೋನ್ ಹೊಡೆದುಕೊಳ್ಳುತ್ತಿತ್ತು. ‘ಚಾಲಿ ಎಷ್ಟಾಜು?’ ಎಂದು ಕೇಳಿ, ಉತ್ತರ ಸಿಕ್ಕ ಕೂಡಲೇ ಇಟ್ಟುಬಿಡುತ್ತಿದ್ದರು.

ಮೊದಲ ಆರು ತಿಂಗಳು ನಾನು ಗರಿಷ್ಠ ದರವನ್ನಷ್ಟೇ ಓದುತ್ತಿದ್ದೆ. ಒಂದು ದಿನ ಹಿರಿಯ ಕೃಷಿಕರೊಬ್ಬರು ಕಚೇರಿಗೆ ಬಂದು ಕೂತು ತಿಳಿಸಿ ಹೇಳಿದರು: ಗರಿಷ್ಠ ಅಂದರೆ ಯಾರದೋ ಒಂದು ಲಾಟಿಗೆ, ಅಂದರೆ ಒಂದು ಪಾಲು ಮಾಲಿಗೆ, ವ್ಯಾಪಾರಿ ಬರೆದ ಟೆಂಡರ್ ದರ. ಅದನ್ನೇ ಕೇಳಿ ಮರುದಿನ ಮೂಟೆ ಕಟ್ಟಿಕೊಂಡು ಬಂದವನಿಗೆ ನಷ್ಟ, ಗಾಡಿ ಬಾಡಿಗೆ ಬೇರೆ. ಅಂದಿನಿಂದ ಕನಿಷ್ಠ, ಗರಿಷ್ಠ, ಸರಾಸರಿ ಮೂರನ್ನೂ ಓದಿದೆ. ಸರಾಸರಿಯನ್ನು ಎರಡು ಸಲ. ಅದಕ್ಕಿಂತ ಒಳ್ಳೆಯ ಸಲಹೆ ನನಗೆ ಈ ಕೆಲಸದಲ್ಲಿ ಯಾರೂ ಕೊಡಲಿಲ್ಲ.

ನಾನು ಮೂಲತಃ ಮದುವೆ ವಿಡಿಯೋ ಮಾಡುತ್ತಿದ್ದವನು. 2002ರಲ್ಲಿ ಕೇಬಲ್ ಆಪರೇಟರ್ ಒಬ್ಬರು ಕರೆದರು. 1994ರಲ್ಲಿ ಉದಯ ಟಿವಿ, 2000ದ ಕೊನೆಗೆ ಈಟಿವಿ ಕನ್ನಡ ಬಂದು ಮನೆಮನೆಯಲ್ಲಿ ಕನ್ನಡ ವಾರ್ತೆ ಕೇಳಿಸುತ್ತಿತ್ತು. ಆದರೆ ನಮ್ಮ ಊರು ಅದರಲ್ಲಿ ಕಾಣಬೇಕಾದರೆ ಘಟ್ಟದಲ್ಲಿ ಬಸ್ ಉರುಳಬೇಕಿತ್ತು, ಇಲ್ಲವೇ ಜಾತ್ರೆ ಬರಬೇಕಿತ್ತು. ನೀರು ಯಾವ ವಾರ್ಡಿಗೆ ಯಾವಾಗ ಬಿಡುತ್ತಾರೆ, ಯಾವ ಫೀಡರ್‌ನಲ್ಲಿ ನಾಳೆ ಕರೆಂಟಿಲ್ಲ, ಇವನ್ನು ಹೇಳುವವರೇ ಇರಲಿಲ್ಲ. ನಾವು ಅಲ್ಲಿಂದ ಹೊರಟೆವು.

1995ರ ಕೇಬಲ್ ಟೆಲಿವಿಷನ್ ಕಾಯ್ದೆಯಂತೆ ಆಗ ಆಪರೇಟರ್ ಅಂಚೆ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕಿತ್ತು. ಏನೇನು ಪ್ರಸಾರವಾಯಿತೆಂದು ರಿಜಿಸ್ಟರ್ ಬರೆದು ಒಂದು ವರ್ಷ ಕಾಪಾಡಬೇಕಿತ್ತು. ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ವರ್ಷ ಮುಗಿದ ಮೇಲೂ ನಾನು ಆ ಪುಸ್ತಕಗಳನ್ನು ಎಸೆಯಲಿಲ್ಲ. ನಮ್ಮ ಚಾನಲ್‌ನ ಚರಿತ್ರೆ ಅಂತ ಇರುವುದು ಅವುಗಳಲ್ಲೇ.

ಆಗಿನ ಯಂತ್ರವ್ಯವಸ್ಥೆ ಸರಳ. ಕಂಪ್ಯೂಟರ್‌ನಿಂದ ಅಥವಾ ಡಿವಿಡಿ ಪ್ಲೇಯರ್‌ನಿಂದ ಹೊರಟ ಚಿತ್ರ ಅದನ್ನು ಒಂದು ಫ್ರೀಕ್ವೆನ್ಸಿಗೆ ಏರಿಸುವ ಮಾಡ್ಯುಲೇಟರ್‌ಗೆ, ಅಲ್ಲಿಂದ ಎಲ್ಲ ಚಾನಲ್‌ಗಳನ್ನು ಕೂಡಿಸುವ ಕಂಬೈನರ್‌ಗೆ, ಆಮೇಲೆ ಕೇಬಲ್‌ಗೆ. ನಾವು ಬೇಕೆಂದೇ ಕೆಳಗಿನ ಫ್ರೀಕ್ವೆನ್ಸಿ ಆರಿಸಿಕೊಂಡೆವು. ಫ್ರೀಕ್ವೆನ್ಸಿ ಏರಿದಷ್ಟೂ ಕೇಬಲ್‌ನಲ್ಲಿ ಸಿಗ್ನಲ್ ಸೋರುತ್ತದೆ. ಸಿಗ್ನಲ್‌ಗೆ ಬಲ ತುಂಬುವ ಪ್ರತಿ ಆಂಪ್ಲಿಫೈಯರ್ ದಾಟುವಾಗ ಚಿತ್ರಕ್ಕೆ ಒಂದಿಷ್ಟು ಅಕ್ಕಿಕಾಳಿನಂಥ ಚುಕ್ಕೆ ಸೇರುತ್ತದೆ. ತೋಟದಾಚೆಯ ಕೊನೆಯ ಮನೆಯಲ್ಲಿ ಬೇರೆ ಚಾನಲ್ ಮಸುಕಾದರೂ ನಮ್ಮದು ಸ್ಪಷ್ಟವಾಗಿ ಕಾಣಬೇಕಿತ್ತು. ಮಳೆಗಾಲದಲ್ಲಿ ಅದೂ ನಡೆಯುತ್ತಿರಲಿಲ್ಲ. ಮರದಿಂದ ಮರಕ್ಕೆ ಕಟ್ಟಿದ ಕೇಬಲ್ ಮೇಲೆ ಕೊಂಬೆ ಬೀಳುತ್ತಿತ್ತು, ಮಂಗಗಳು ಜೋತಾಡುತ್ತಿದ್ದವು, ಸಿಡಿಲು ಬಡಿದ ಮರುದಿನ ಸುಟ್ಟ ಆಂಪ್ಲಿಫೈಯರ್ ಹುಡುಕುತ್ತ ಲೈನ್‌ಮನ್ ಹುಡುಗರು ಉಂಬಳ (ಜಿಗಣೆ) ಕಚ್ಚಿಸಿಕೊಂಡು ಬರುತ್ತಿದ್ದರು.

ದಿನದ ಲೆಕ್ಕ ಹೀಗಿತ್ತು: ಏಳಕ್ಕೆ ಸುದ್ದಿ, ಏಳೂವರೆಗೆ ಧಾರಣೆ, ರಾತ್ರಿ ಹತ್ತಕ್ಕೂ ಬೆಳಿಗ್ಗೆ ಏಳಕ್ಕೂ ಮರುಪ್ರಸಾರ, ಮಧ್ಯಾಹ್ನ ಭಜನೆ ಅಥವಾ ಶಾಲಾ ವಾರ್ಷಿಕೋತ್ಸವ, ಭಾನುವಾರ ಯಕ್ಷಗಾನ. ತೆರೆಯ ಕೆಳಗೆ ಇಡೀ ದಿನ ಓಡುವ ಬರಹದ ಪಟ್ಟಿ. ಹೊಸ ಸಿನಿಮಾದ ಡಿಸ್ಕ್ ಹಾಕಿ ಎಂಬ ಒತ್ತಾಯ ಇತ್ತು. ಹಕ್ಕಿಲ್ಲದ್ದನ್ನು ಹಾಕುವುದಿಲ್ಲ ಎಂದು ಹಟ ಹಿಡಿದೆ. ಆ ಹೊತ್ತನ್ನು ಊರಿನದ್ದೇ ಚಿತ್ರಣದಿಂದ ತುಂಬಿಸಬೇಕಾಗಿ ಬಂತು, ಅದರಿಂದಲೇ ಚಾನಲ್‌ಗೆ ಅದರದ್ದೇ ಮುಖ ಬಂತು.

ಓಡುವ ಪಟ್ಟಿಯಲ್ಲಿ ನಿಧನ ವಾರ್ತೆಯೂ ಬರುತ್ತಿತ್ತು. ಒಮ್ಮೆ ಫೋನಿನಲ್ಲಿ ಹೇಳಿದ್ದನ್ನು ನಂಬಿ ಹಾಕಿದೆ. ಹೆಸರು ಒಂದೇ, ಮನೆತನ ಬೇರೆ. ಬದುಕಿದ್ದವರ ಮನೆಗೆ ನೆಂಟರು ಅಳುತ್ತ ಬಂದಿಳಿದರು. ನಾನು ಹೋಗಿ ಕ್ಷಮೆ ಕೇಳಿದೆ, ಆ ಮನೆಯ ಅಜ್ಜಿ ನೀರು ಬೆಲ್ಲ ಕೊಟ್ಟು ಕೂರಿಸಿದರು. ಆ ರಾತ್ರಿ ನಿಯಮ ಮಾಡಿದೆ: ಊರು, ಕೇರಿ, ಮನೆತನ ಮೂರೂ ಬೇಕು, ಇಬ್ಬರಿಂದ ಖಾತ್ರಿಯಾಗಬೇಕು. ಸುದ್ದಿ ಅರ್ಧ ಗಂಟೆ ತಡವಾದರೆ ಆಗಲಿ.

ಯಕ್ಷಗಾನ ಚಿತ್ರೀಕರಣ ನನಗೆ ಅತ್ಯಂತ ಪ್ರೀತಿಯ ಕೆಲಸ. ಆಟ ಇಡೀ ರಾತ್ರಿಯದು, ಮಿನಿ ಡಿವಿ ಕ್ಯಾಸೆಟ್ ಒಂದು ಗಂಟೆಯದು. ಎರಡು ಕ್ಯಾಮೆರಾ ಇಟ್ಟು ಒಂದರ ಕ್ಯಾಸೆಟ್ ಬದಲಿಸುವಾಗ ಇನ್ನೊಂದು ಓಡುವಂತೆ ಅರ್ಧ ಗಂಟೆ ಅಂತರ ಇಟ್ಟುಕೊಳ್ಳುತ್ತಿದ್ದೆ. ಕಷ್ಟ ಇದ್ದದ್ದು ಧ್ವನಿಯಲ್ಲಿ. ಚಂಡೆಗೆಂದು ಮೈಕ್ ಇಟ್ಟರೆ ಉಳಿದದ್ದೆಲ್ಲ ಮುಳುಗುತ್ತದೆ. ಹಾಡುವ ಭಾಗವತರಿಗೆ ಒಂದು, ಮದ್ದಳೆಯ ಬದಿಗೆ ಒಂದು, ಅರ್ಥಗಾರಿಕೆಗೆ, ಅಂದರೆ ಪಾತ್ರಧಾರಿಗಳ ಮಾತಿಗೆ, ರಂಗದ ಮುಂದೆ ಮೇಲಿನಿಂದ ಇಳಿಬಿಟ್ಟದ್ದು ಒಂದು. ಚಂಡೆ ಅವುಗಳಲ್ಲೇ ಬೇಕಾದಷ್ಟು ಬರುತ್ತದೆ. ಇದು ತಿಳಿಯಲು ಎರಡು ತಿರುಗಾಟ, ಅಂದರೆ ಮೇಳದ ಎರಡು ಋತು, ಬೇಕಾಯಿತು.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಬುಧವಾರ ರಥ ದೇವಸ್ಥಾನದಿಂದ ಬಿಡಕಿಬೈಲಿಗೆ ಸಾಗುತ್ತದೆ, ಅಲ್ಲಿ ಗದ್ದುಗೆಯಲ್ಲಿ ದೇವಿಯ ದರ್ಶನ. 2014ರಲ್ಲಿ ಬಿಡಕಿಬೈಲಿನಿಂದ ನೇರ ಪ್ರಸಾರ ಮಾಡಿದೆವು. ಅಂಗಡಿಗಳ ಮಾಡಿನ ಮೇಲೆ ಹಾಯಿಸಿ ಕಂಟ್ರೋಲ್ ರೂಮಿನವರೆಗೆ ಬೇರೆಯೇ ಒಂದು ಕೇಬಲ್ ಎಳೆದೆವು, ಬಿಡಕಿಬೈಲಿನ ತುದಿಯಲ್ಲಿ ಮಿಕ್ಸರ್, ಮಾಡ್ಯುಲೇಟರ್, ಬಾಡಿಗೆ ಜನರೇಟರ್. ಜಾತ್ರೆಯ ಅಷ್ಟೂ ದಿನ ಒಂದು ಕ್ಯಾಮೆರಾವನ್ನು ಗದ್ದುಗೆಯಿಂದ ತಿರುಗಿಸಲಿಲ್ಲ. ನಡೆಯಲಾರದ ಮುದುಕಿಯೊಬ್ಬರು ಟಿವಿ ಎದುರು ಮಣೆ ಹಾಕಿ ಹಣ್ಣುಕಾಯಿ ಇಟ್ಟು ಕೂತಿದ್ದರೆಂದು ಅವರ ಸೊಸೆ ಬಂದು ಹೇಳಿದರು.

ಫೋನ್‌ಇನ್ ಬಗ್ಗೆ, ಅಂದರೆ ನೋಡುಗರು ಕರೆ ಮಾಡಿ ಮಾತಾಡುವ ಕಾರ್ಯಕ್ರಮದ ಬಗ್ಗೆ, ಹೇಳಲೇಬೇಕು. ಶನಿವಾರ ತೋಟಗಾರಿಕೆ ಪ್ರಶ್ನೋತ್ತರ ಇರುತ್ತಿತ್ತು. ಅಡಿಕೆಯ ಕೊಳೆರೋಗ, ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲಿ ಸುಣ್ಣ ಮೈಲುತುತ್ತದ ಪ್ರಮಾಣ, ಇಂಥವು. ‘ಟಿವಿ ಸೌಂಡ್ ಕಡಿಮೆ ಮಾಡಿ’ ಎಂದು ಪ್ರತಿಯೊಬ್ಬರಿಗೂ ಹೇಳಬೇಕಿತ್ತು, ಇಲ್ಲದಿದ್ದರೆ ಕೀರಲು ಶಬ್ದ ಏಳುತ್ತಿತ್ತು. ಕೇಬಲ್ ಸಿಗ್ನಲ್ ಡಿಜಿಟಲ್ ಆಗುವುದು ಕಡ್ಡಾಯವಾದಾಗ ಮೊದಲು ಸೋತದ್ದು ಇದೇ ಕಾರ್ಯಕ್ರಮ. ನಗರ ಪ್ರದೇಶಗಳಿಗೆ 2015ರ ಡಿಸೆಂಬರ್ 31, ಉಳಿದೆಡೆ 2017ರ ಮಾರ್ಚ್ 31 ಗಡುವು. ನಮ್ಮ ಚಿತ್ರ ಈಗ ಡಿಜಿಟಲ್ ರೂಪಕ್ಕೆ ಬದಲಿಸುವ ಎನ್‌ಕೋಡರ್ ದಾಟಿ, ಎಲ್ಲ ಚಾನಲ್ ಒಟ್ಟುಗೂಡುವ ದೂರದ ಹೆಡ್‌ಎಂಡ್‌ಗೆ ಹೋಗಿ, ಅಲ್ಲಿಂದ ಸೆಟ್‌ಟಾಪ್ ಬಾಕ್ಸ್‌ಗೆ ತಿರುಗಿ ಬರುತ್ತಿತ್ತು. ಕೆಲವು ಸೆಕೆಂಡು ತಡ. ಕರೆ ಮಾಡಿದವರು ಟಿವಿಯಲ್ಲಿ ತಮ್ಮ ದನಿಯನ್ನೇ ಕಾಯುತ್ತ ಮಾತು ನಿಲ್ಲಿಸುತ್ತಿದ್ದರು, ನಾನು ಲೈನ್ ಕಟ್ಟಾಯಿತೆಂದುಕೊಳ್ಳುತ್ತಿದ್ದೆ. ಚಾನಲ್ ಸಂಖ್ಯೆಯೂ ನಮ್ಮ ಕೈಯಲ್ಲಿ ಉಳಿಯಲಿಲ್ಲ. ಎರಡು ಸಲ ಹೇಳದೆ ಕೇಳದೆ ಬದಲಾಯಿತು. ರಿಮೋಟಿನಲ್ಲಿ ಒಂದೇ ಗುಂಡಿ ಒತ್ತಿ ಅಭ್ಯಾಸವಾದ ಅಜ್ಜಂದಿರಿಗೆ ಮೂರಂಕಿಯ ಸಂಖ್ಯೆ ಬರೆದ ಚೀಟಿಯನ್ನು ನಾವೇ ಮನೆಮನೆಗೆ ಅಂಟಿಸಿ ಬಂದೆವು.

2020ರ ಲಾಕ್‌ಡೌನ್‌ನಲ್ಲಿ ಅದೇ ಅಜ್ಜಂದಿರಿಗೆ ಅಂಗಡಿ ತೆರೆಯುವ ಹೊತ್ತು, ಔಷಧ ಸಿಗುವ ಜಾಗ ತಿಳಿದದ್ದು ನಮ್ಮ ಪಟ್ಟಿಯಿಂದ. ಆ ತಿಂಗಳುಗಳಲ್ಲಿ ಜಾಹೀರಾತು ಶೂನ್ಯ. 2022ರ ನವೆಂಬರ್‌ನಲ್ಲಿ ಕೇಂದ್ರದ ಹೊಸ ಮಾರ್ಗಸೂಚಿ ಬಂತು: ಇಂಥ ಚಾನಲ್ ‘ಪ್ಲಾಟ್‌ಫಾರ್ಮ್ ಸರ್ವಿಸ್’ ಎಂದು, ಆಪರೇಟರ್‌ಗಳಿಗೆ ಸಿಗ್ನಲ್ ಕೊಡುವ ದೊಡ್ಡ ಕೇಬಲ್ ಸಂಸ್ಥೆಯಾದ ಎಂಎಸ್‌ಒ ಮೂಲಕ ನೋಂದಣಿಯಾಗಬೇಕು, ಸ್ಥಳೀಯ ಸುದ್ದಿ ಕೊಡುವ ಎಂಎಸ್‌ಒ ಕಂಪನಿಯಾಗಿರಬೇಕು. ನೋಂದಣಿ ಶುಲ್ಕ ಚಾನಲ್‌ಗೆ ಸಾವಿರ ರೂಪಾಯಿ, ಅದು ದೊಡ್ಡದಲ್ಲ. ಆದರೆ ಅಷ್ಟು ಹೊತ್ತಿಗೆ ಧಾರಣೆ ಎಲ್ಲರ ವಾಟ್ಸಾಪ್‌ಗೆ ಮಧ್ಯಾಹ್ನವೇ ಬರುತ್ತಿತ್ತು. ನಾವು ಚಾನಲ್ ನಿಲ್ಲಿಸಿದೆವು.

ಈಗ ನನ್ನ ಕೆಲಸ ಕ್ಯಾಸೆಟ್‌ಗಳದ್ದು. ಮಲೆನಾಡಿನ ಥಂಡಿಗೆ ಟೇಪಿನ ಮೇಲೆ ಬೂಸಲು ಹಿಡಿಯುತ್ತದೆ. ಅಕ್ಕಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಬೇಸಿಗೆ ಬಿಸಿಲಿಗೆ ಕೋಣೆ ಒಣಗಿದಾಗ ಮಾತ್ರ ಒಂದೊಂದಾಗಿ ಹಾರ್ಡ್ ಡಿಸ್ಕ್‌ಗೆ ಇಳಿಸುತ್ತಿದ್ದೇನೆ. ರಿಜಿಸ್ಟರ್ ತೆರೆದಿಟ್ಟು, ದಿನಾಂಕ ನೋಡಿ, ಫೈಲಿಗೆ ಹೆಸರು ಕೊಡುತ್ತೇನೆ. ಹೋದ ವಾರ ಒಬ್ಬ ಹುಡುಗ ತೀರಿಕೊಂಡ ಅಜ್ಜನ ಅರ್ಥಗಾರಿಕೆ ಸಿಕ್ಕೀತೇ ಎಂದು ಕೇಳಿಕೊಂಡು ಬಂದಿದ್ದ. ಪುಟ ಸಿಕ್ಕಿತು, ಕ್ಯಾಸೆಟ್ಟೂ ಸಿಕ್ಕಿತು. ಚಿತ್ರ ಮೊದಲ ಹನ್ನೊಂದು ನಿಮಿಷ ಚೂರುಚೂರಾಗಿ ಒಡೆದಿದೆ, ದನಿ ಪೂರ್ತಿ ಇದೆ. ಅವನು ಕಣ್ಣು ಮುಚ್ಚಿ ಕೇಳಿದ.