ಕೆನಡಾದ ಬಾತ್‌ಹೌಸ್ ರೇಡ್ ಕೇಸಲ್ಲಿ ಆದ ಶಿಕ್ಷೆನ ರೆಕಾರ್ಡಿಂದ ಅಳಿಸ್ಸೋದು ಹೇಗೆ

1981ರ ಫೆಬ್ರವರಿ 5ರ ರಾತ್ರಿ ಟೊರಾಂಟೋ ಪೊಲೀಸ್ರು ಒಟ್ಟಿಗೆ ನಾಲ್ಕು ಗೇ ಬಾತ್‌ಹೌಸ್‌ಗಳಿಗೆ (ಸಲಿಂಗಿ ಗಂಡಸರು ಸೇರ್ತಿದ್ದ ಸ್ನಾನಗೃಹಗಳಿಗೆ) ನುಗ್ಗಿದ್ರು, 286 ಜನರ ಮೇಲೆ 'ಫೌಂಡ್ ಇನ್' ಅಂತ ಕೇಸ್ ಜಡಿದ್ರು. ಅಂದ್ರೆ ಬಾಡಿ ಹೌಸ್ (bawdy house, ವೇಶ್ಯಾವಾಟಿಕೆ ಇಲ್ಲಾ ಅಶ್ಲೀಲ ಕೆಲಸ ನಡೆಯೋ ಜಾಗ) ಕಾನೂನಿನ ಕೆಳಗೆ ಆ ಜಾಗದಲ್ಲಿ ಸಿಕ್ಕಿದ್ದೇ ಅಪರಾಧ. ಸಿಕ್ಕಿಬಿದ್ದವರ ಪರ ನಿಂತ ರೈಟ್ ಟು ಪ್ರೈವಸಿ ಕಮಿಟಿ ಅನ್ನೋ ಸಂಘಟನೆ ದುಡ್ಡು ಕೂಡ್ಸಿ, ವಕೀಲರನ್ನ ಹಿಡಿದು ಕೋರ್ಟಲ್ಲಿ ಪಟ್ಟು ಬಿಡದೆ ನಿಂತಿದ್ದಕ್ಕೆ ಹೆಚ್ಚಿನವರು ಬಚಾವಾದ್ರು. ಆದ್ರೆ ಎಲ್ರೂ ಅಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಎಡ್ಮಂಟನ್‌ನ ಪಿಸೀಸ್ ಸ್ಪಾದಲ್ಲೂ 56 ಜನ ಹೀಗೇ ಸಿಕ್ಕಿಬಿದ್ರು. ಶಿಕ್ಷೆ ಆಗಿ ಇವತ್ತಿಗೂ ಆ ಕಲೆ ಹೊತ್ಕೊಂಡಿರೋರಿಗೆ, ಅವರ ಮನೆಯವರಿಗೆ ಇದನ್ನ ಬರೀತಿದೀನಿ.

ಬಾಡಿ ಹೌಸ್ ಕಾನೂನು 2019ರಲ್ಲಿ ಹೋಯ್ತು. ಹಳೇ ಅನ್ಯಾಯದ ಶಿಕ್ಷೆಗಳನ್ನ ಅಳಿಸೋ ಕಾಯ್ದೆ 2018ರಲ್ಲೇ ಬಂದಿತ್ತು, ಆದ್ರೆ ಬಾತ್‌ಹೌಸ್ ಕೇಸ್‌ಗಳು ಅದ್ರೊಳಗೆ ಸೇರಿದ್ದು 2023ರ ಮಾರ್ಚಲ್ಲಿ, ಹಾಗಾಗಿ ಮೊದ್ಲು ವಿಚಾರ್ಸಿ 'ಆಗಲ್ಲ' ಅನ್ನಿಸ್ಕೊಂಡು ಸುಮ್ಮನಾದವರು ಈಗ ಮತ್ತೆ ಕೇಳ್ಲೇಬೇಕು.

ಮೊದ್ಲು ನಿಮಗೆ ಆಗಿದ್ದು ಶಿಕ್ಷೆನಾ ಡಿಸ್ಚಾರ್ಜಾ ಅಂತ ನೋಡ್ಕೊಳ್ಳಿ, ಎರಡಕ್ಕೂ ದಾರಿ ಬೇರೆ. ಡಿಸ್ಚಾರ್ಜ್ (ಕೋರ್ಟು ತಪ್ಪಿತಸ್ಥ ಅಂದ್ರೂ ಶಿಕ್ಷೆ ಅಂತ ದಾಖಲಿಸದೆ ಬಿಡೋದು) ಆಗಿದ್ರೆ ಅದು ಶಿಕ್ಷೆ ಅಲ್ಲ, ಆದ್ರೆ 1992ರ ಜುಲೈ 24ಕ್ಕಿಂತ ಹಿಂದಿನದು ತಾನಾಗೇ ಅಳಿಯಲ್ಲ, ತೆಗೀರಿ ಅಂತ ಆರ್‌ಸಿಎಂಪಿಗೆ (ಕೆನಡಾದ ಕೇಂದ್ರ ಪೊಲೀಸ್) ನೀವೇ ಬರೀಬೇಕು.

ಶಿಕ್ಷೆ ಆಗಿದ್ರೆ ಅರ್ಜಿ ಹೋಗೋದು ಪೆರೋಲ್ ಬೋರ್ಡ್ ಆಫ್ ಕೆನಡಾಗೆ. ಫೀಸ್ ಇಲ್ಲ, ವಕೀಲರು ಬೇಕೇಬೇಕು ಅಂತಾನೂ ಇಲ್ಲ, 'ನಾವು ಮಾಡಿಸ್ಕೊಡ್ತೀವಿ ಇಷ್ಟು ಕೊಡಿ' ಅನ್ನೋರಿಗೆ ದಯವಿಟ್ಟು ದುಡ್ಡು ಸುರೀಬೇಡಿ. ಕಷ್ಟ ಇರೋದು ದಾಖಲೆ ಹುಡುಕೋದ್ರಲ್ಲಿ. ಕೇಸ್ ನಡೆದ ಕೋರ್ಟಿಗೂ ಹಿಡಿದ ಪೊಲೀಸ್ ಇಲಾಖೆಗೂ ಬರವಣಿಗೆಯಲ್ಲೇ ಕೇಳಿ, ಫೋನಲ್ಲಿ ಕೇಳಿ ಬಿಟ್ರೆ ಕೈಯಲ್ಲಿ ಪುರಾವೆ ಉಳಿಯಲ್ಲ. 'ಅಷ್ಟು ಹಳೇ ಫೈಲ್ ನಮ್ಮತ್ರ ಇಲ್ಲ' ಅಂತ ಉತ್ತರ ಬಂದ್ರೆ ಎದೆಗುಂದ್ಬೇಡಿ, ಆ ಪತ್ರಾನೇ ಜೋಪಾನ ಮಾಡಿ. ಎಲ್ಲೆಲ್ಲಿ ಹುಡುಕಿದ್ರಿ, ಯಾರು ಏನಂದ್ರು, ಅವತ್ತು ಏನಾಯ್ತು ಅಂತ ಪ್ರಮಾಣ ಮಾಡಿ ಬರೆದ ಹೇಳಿಕೆನ ಅದರ ಜೊತೆ ಕೊಡಬಹುದು. ಅದ್ರಲ್ಲಿ ನೆನಪಿರೋದನ್ನ ಮಾತ್ರ ಬರೀರಿ.

ಆ ಮನುಷ್ಯ ತೀರ್ಕೊಂಡಿದ್ರೂ ಬಾಗಿಲು ಮುಚ್ಚಿಲ್ಲ. ಸಂಗಾತಿ, ಮಕ್ಕಳು, ಅಪ್ಪ ಅಮ್ಮ, ಒಡಹುಟ್ಟಿದವರು ಅವರ ಪರವಾಗಿ ಅರ್ಜಿ ಹಾಕಬಹುದು. ಕಾನೂನಿನಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸೋದು ಇದೇ, ಯಾಕಂದ್ರೆ ಎಷ್ಟೋ ಜನ ಈ ದಿನ ನೋಡೋಕೆ ಉಳೀಲಿಲ್ಲ.

ಬೋರ್ಡ್ ಒಪ್ಪಿದ್ರೆ ಕಾನೂನಿನ ಲೆಕ್ಕದಲ್ಲಿ ಆ ಶಿಕ್ಷೆ ಆಗೇ ಇಲ್ಲ, ಆರ್‌ಸಿಎಂಪಿ ತನ್ನ ಹತ್ರ ಇರೋ ದಾಖಲೆ ನಾಶ ಮಾಡುತ್ತೆ, ಕೋರ್ಟಿಗೂ ಪೊಲೀಸ್ರಿಗೂ ವಿಷಯ ಹೋಗುತ್ತೆ. ಬೇರೆ ದೇಶದವರು ಮುಂಚೇನೇ ಕಾಪಿ ಇಟ್ಕೊಂಡಿದ್ರೆ ಅದಕ್ಕೆ ಈ ಆರ್ಡರ್ ನಾಟಲ್ಲ, ಅದಕ್ಕೇ ಅಮೆರಿಕದ ಗಡಿ ದಾಟೋವಾಗ ಆರ್ಡರ್‌ನ ಒಂದು ಪ್ರತಿ ಜೊತೇಲೇ ಇಟ್ಕೊಳ್ಳಿ.