ಮೊದಲು ಹಗ್ಗ, ಆಮೇಲೆ ತೂತು: ಆಲಮಟ್ಟಿ ಹಿನ್ನೀರಿಗೆ ಕಯಾಕ್ ಸಜ್ಜು ಮಾಡಿದ ಬಗೆ

ಕಯಾಕ್, ಅಂದರೆ ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ, ಹತ್ತೂವರೆ ಅಡಿಯದು, ಮೇಲೆ ಕೂರುವ ಮಾದರಿ. ಒಂದೇ ಪದರದ ಪಾಲಿಥಿಲೀನ್ ಪ್ಲಾಸ್ಟಿಕ್, ದಪ್ಪ ಸುಮಾರು 5 ಮಿ.ಮೀ. ಬಾಗಲಕೋಟೆ ಮಗ್ಗುಲಿನ ಹಿನ್ನೀರಿನಲ್ಲಿ ಕಟ್ಲಾ, ರೋಹು, ಜಿಲೇಬಿ ಮೀನು ಹಿಡಿಯಲಿಕ್ಕೆ ಅದನ್ನು ಹೇಗೆ ಸಜ್ಜು ಮಾಡಿಕೊಂಡೆ ಎಂಬುದಷ್ಟೇ ಇಲ್ಲಿದೆ. ಬಿಡಿಭಾಗಗಳ ಜೊತೆ ಬರುವ ಕೈಪಿಡಿಗಳು ತಂಪು ದೇಶದವರು ಬರೆದಂಥವು. ನಮ್ಮ ಕಡೆ ಎರಡು ಸಂಗತಿ ಎಲ್ಲ ಲೆಕ್ಕ ಬದಲಿಸುತ್ತವೆ: ಬಿಸಿಲು ಮತ್ತು ಗಾಳಿ. ಯಾವುದನ್ನು ಎಲ್ಲಿ ಕೂರಿಸಬೇಕು ಅಂತ ತೀರ್ಮಾನಿಸುವಾಗ ಈ ಎರಡನ್ನೇ ಮುಂದಿಟ್ಟುಕೊಂಡೆ.

ಮೊದಲ ಒಂದು ತಿಂಗಳು ಒಂದೂ ತೂತು ಕೊರೆಯಲಿಲ್ಲ. ರಾಡ್ ಹೋಲ್ಡರ್ (ಗಾಳದ ಕೋಲು ನಿಲ್ಲಿಸುವ ಕೊಳವೆ), ಫಿಶ್ ಫೈಂಡರ್ (ನೀರಿನಡಿಯ ಆಳ, ಮೀನು ತೋರಿಸುವ ಯಂತ್ರ), ಲಂಗರಿನ ಹಗ್ಗ ಎಲ್ಲವನ್ನೂ ದಾರದಿಂದ, ಹಳೇ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದು ನೀರಿಗಿಳಿಸಿದೆ. ಅಂಗಳದಲ್ಲಿ ಕೂತು ಅಳತೆ ಮಾಡಿದಾಗ ಸರಿ ಕಂಡ ಜಾಗ ನೀರಿನ ಮೇಲೆ ತಪ್ಪಾಗಿರುತ್ತದೆ. ಹುಟ್ಟು ಹಾಕುವಾಗ ಮೊಳಕೈ ಬಡಿಯುತ್ತದೆ, ಇಲ್ಲವೇ ಮುಂದಕ್ಕೆ ಬಾಗದೆ ಕೈಗೆ ಎಟಕುವುದಿಲ್ಲ. ನಾಲ್ಕು ಸಲ ಹೋಗಿ ಬಂದ ಮೇಲೆ ಗುರುತಿನ ಟೇಪ್ ಅಂಟಿಸಿದೆ. ಟೇಪ್ ಸರಿದಾಡುವುದು ನಿಂತ ಮೇಲೆಯೇ ಡ್ರಿಲ್ ಹೊರಗೆ ತೆಗೆದದ್ದು.

ಈ ಪ್ಲಾಸ್ಟಿಕ್ಕಿಗೆ ಮಾಮೂಲಿ ಅಂಟು ಯಾವುದೂ ಹಿಡಿಯುವುದಿಲ್ಲ, ಇದನ್ನು ಮೊದಲೇ ತಿಳಿದುಕೊಂಡರೆ ದುಡ್ಡು ಉಳಿಯುತ್ತದೆ. ಎಪಾಕ್ಸಿ ಪುಟ್ಟಿ ಒಣಗಿ ಗಟ್ಟಿಯಾದ ಮೇಲೆ ಉಗುರಿನಿಂದ ಎತ್ತಿದರೆ ಹಪ್ಪಳದ ಹಾಗೆ ಏಳುತ್ತದೆ. ಸಿಲಿಕೋನ್ ಸೀಲಂಟ್ ಕೂಡ ಇಲ್ಲಿ ಅಂಟು ಅಲ್ಲ, ಬೋಲ್ಟಿನ ಒತ್ತಡದಲ್ಲಿ ಸಂದಿ ಮುಚ್ಚುವ ಮೆತ್ತೆ ಅಷ್ಟೇ. ಹಿಡಿತವೆಲ್ಲ ಬೋಲ್ಟಿನದೇ. ಸೀಲಂಟ್ ಕೊಳ್ಳುವಾಗ ಮೂಗಿಗೆ ಹಿಡಿದು ನೋಡಿ: ವಿನೆಗರಿನ ಹುಳಿ ವಾಸನೆ ಬರುವಂಥದ್ದು ತಾಮ್ರದ ತಂತಿ, ಹಿತ್ತಾಳೆ ನಟ್ಟುಗಳನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದದ್ದನ್ನೇ ಕೇಳಿ ತಗೊಳ್ಳಬೇಕು.

ಕೈ ಒಳಗೆ ಹೋಗುವ ಕಡೆಯೆಲ್ಲ ಆರಪಾರ ಬೋಲ್ಟ್ ಹಾಕಿದೆ: 304 ಸ್ಟೇನ್‌ಲೆಸ್, 5 ಮಿ.ಮೀ., ಒಳಗಡೆ 25 ಮಿ.ಮೀ. ಅಗಲದ ವಾಶರ್, ಅದರ ಮೇಲೆ ಒಳಗೆ ನೈಲಾನ್ ಬಳೆಯಿರುವ ನೈಲಾಕ್ ನಟ್. ಬೆಳಗಾವಿಯ ಉದ್ಯಮಬಾಗದ ಸುತ್ತ ಇಂಥ ಸಾಮಾನು ಬಿಡಿಯಾಗಿ ಸಿಗುತ್ತದೆ. ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ. ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಸತು ಬಳಿದ ಕಬ್ಬಿಣ. ಭಾರ ಬೀಳುವ ಕಡೆ ವಾಶರ್ ಒಂದೇ ಸಾಲದು. ಅಡುಗೆಮನೆಯ ಪ್ಲಾಸ್ಟಿಕ್ ಕತ್ತರಿಸುವ ಹಲಗೆಯಿಂದ ಅಂಗೈಯಗಲದ ತುಂಡು ಕೊಯ್ದು ಒಳಗಿನಿಂದ ಆನಿಸಿದೆ.

ಕೈ ಹೋಗದ ಕಡೆ ವೆಲ್ ನಟ್: ಬೋಲ್ಟ್ ಬಿಗಿದಂತೆ ಒಳಗಡೆ ಉಬ್ಬಿ ಹಿಡಿಯುವ ರಬ್ಬರ್ ಕೊಳವೆ. ಇದರ ತೂತಿನ ಅಳತೆ ಪಟ್ಟಿ ನೋಡಿ ಕೊರೆಯಬೇಡಿ. ಕೈಗೆ ಬಂದ ರಬ್ಬರಿನ ಹೊರವ್ಯಾಸವನ್ನು ವರ್ನಿಯರ್‌ನಿಂದ ಅಳೆದು ಅಷ್ಟೇ ಕೊರೆಯಿರಿ. ಅರ್ಧ ಮಿಲಿಮೀಟರ್ ದೊಡ್ಡದಾದರೂ ಬಿಗಿಯುವಾಗ ರಬ್ಬರ್ ಬೋಲ್ಟಿನ ಜೊತೆಗೇ ಗಿರಗಿರ ತಿರುಗುತ್ತದೆ.

ಕೊರೆಯುವುದಕ್ಕೆ 3 ಮಿ.ಮೀ. ಬಿಟ್‌ನಿಂದ ಶುರು, ಆಮೇಲೆ ಬೇಕಾದ ಅಳತೆ. ಡ್ರಿಲ್ ನಿಧಾನಕ್ಕೆ ತಿರುಗಬೇಕು; ಜೋರಾದರೆ ಪ್ಲಾಸ್ಟಿಕ್ ಕರಗಿ ತೂತು ಅಂಡಾಕಾರವಾಗುತ್ತದೆ. ಬಿಟ್ ಆಚೆ ಬದಿಗೆ ಹೊರಬೀಳುವಾಗ ತಟ್ಟನೆ ಒಳಗೆ ಜಗ್ಗಿಕೊಳ್ಳುವ ಚಾಳಿಯೂ ಈ ಪ್ಲಾಸ್ಟಿಕ್ಕಿಗಿದೆ. ಬಿಟ್ ಮೇಲೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಂಡರೆ ಕೆಳಗಿನ ತಳ ಉಳಿಯುತ್ತದೆ. ಚಿಕ್ಕ ತೂತುಗಳಿಗೆ ಬಡಿಗೇರ ಕೈ ಗಿರಮಿಟ್ಟೇ ಸಾಕು (ಚುರುಮುರಿ ಗಿರಮಿಟ್ ಅಲ್ಲ, ಅದು ಕೆಲಸ ಮುಗಿದ ಮೇಲೆ). ಬಳೆಯಾಕಾರದ ಗರಗಸ ಹೋಲ್ ಸಾ ಬಳಸಿದಾಗ ಬರುವ ನಾಣ್ಯದಂಥ ತುಂಡುಗಳನ್ನು ಎಸೆಯದೆ ಡಬ್ಬಿಯಲ್ಲಿಟ್ಟಿದ್ದೇನೆ. ಮುಂದೆ ತಳ ಸೀಳಿದರೆ ಬೆಸುಗೆಗೆ ಅದೇ ಜಾತಿಯ, ಅದೇ ಬಣ್ಣದ ಪ್ಲಾಸ್ಟಿಕ್ ಬೇಕಾಗುತ್ತದೆ.

ಬಿಸಿಲಿನ ವಿಚಾರ ಎಲ್ಲಕ್ಕಿಂತ ಹೆಚ್ಚು ಕಾಡುವುದು ಉದ್ದನೆಯ ಅಲ್ಯೂಮಿನಿಯಂ ಹಳಿಗಳಲ್ಲಿ. ರಾಡ್ ಹೋಲ್ಡರ್, ಕ್ಯಾಮೆರಾ ಏನು ಬೇಕಾದರೂ ಜರುಗಿಸಿ ಕೂರಿಸುವ ಗೇರ್ ಟ್ರ್ಯಾಕ್ ಅದು. ತಾಪಮಾನ 40 ಡಿಗ್ರಿ ಏರಿದರೆ ಒಂದು ಮೀಟರ್ ಪಾಲಿಥಿಲೀನ್ 6ರಿಂದ 8 ಮಿ.ಮೀ. ಬೆಳೆಯುತ್ತದೆ, ಅಲ್ಯೂಮಿನಿಯಂ ಒಂದು ಮಿ.ಮೀ. ಕೂಡ ಬೆಳೆಯುವುದಿಲ್ಲ. ಬೆಳಗಿನ ತಂಪು ನೀರಿನಲ್ಲಿ 22 ಡಿಗ್ರಿ ಇದ್ದ ಡೆಕ್ಕು (ಕಯಾಕಿನ ಮೇಲ್ಭಾಗ), ಏಪ್ರಿಲ್ ಮಧ್ಯಾಹ್ನ ದಂಡೆಗೆ ಎಳೆದು ಬಿಟ್ಟರೆ 60 ದಾಟುವುದು ದೊಡ್ಡ ಮಾತಲ್ಲ. 60 ಸೆಂ.ಮೀ. ಹಳಿಗೆ ಮೂರ್ನಾಲ್ಕು ಮಿ.ಮೀ. ಎಳೆದಾಟ. ಬೋಲ್ಟು ಗಟ್ಟಿ ಇದ್ದರೆ ಡೆಕ್ಕು ಉಬ್ಬುತ್ತದೆ, ತೂತು ಸಡಿಲಾಗುತ್ತದೆ, ಸಂದಿಯಲ್ಲಿ ನೀರು ಇಳಿಯುತ್ತದೆ. ಅದಕ್ಕೆ ಉದ್ದನೆಯ ಹಳಿಯನ್ನು 20 ಸೆಂ.ಮೀ.ಯ ಮೂರು ತುಂಡು ಮಾಡಿ, ನಡುವೆ ಸಂದಿ ಬಿಟ್ಟು ಕೂರಿಸಿದೆ. ಒಂದೇ ಹಳಿ ಬೇಕೇ ಬೇಕು ಅನ್ನುವವರು ನಡುವಿನ ಬೋಲ್ಟ್ ಒಂದನ್ನೇ ಗಟ್ಟಿ ಮಾಡಿ, ಉಳಿದವಕ್ಕೆ ಹಳಿಯಲ್ಲಿ 9 ಮಿ.ಮೀ. ಉದ್ದದ ಸೀಳುತೂತು ಕೊರೆದು ಅಗಲ ವಾಶರ್ ಹಾಕಬೇಕು.

ಇದರದೇ ಇನ್ನೊಂದು ಮುಖ: ಒತ್ತಡದಲ್ಲಿ ಈ ಪ್ಲಾಸ್ಟಿಕ್ ಮೆಲ್ಲಗೆ ಸರಿದು ತೆಳುವಾಗುತ್ತದೆ. ಇವತ್ತು ಬಿಗಿ ಇದ್ದ ನಟ್ ಹದಿನೈದು ದಿನಕ್ಕೆ ತಾನೇ ಸಡಿಲ. ಎರಡನೆಯ ಮತ್ತು ಐದನೆಯ ಸಲ ನೀರಿನಿಂದ ಬಂದ ಮೇಲೆ ಎಲ್ಲವನ್ನೂ ಕಾಲು ಸುತ್ತು ಬಿಗಿದೆ. ಇದನ್ನು ಬೆಳಿಗ್ಗೆ ತಂಪು ಹೊತ್ತಿನಲ್ಲೇ ಮಾಡಬೇಕು, ಬಿಸಿಲಿಗೆ ಮೆತ್ತಗಾದ ಡೆಕ್ಕಿನಲ್ಲಿ ವಾಶರ್ ಹೂತುಹೋಗುತ್ತದೆ. ವಾಹನದ ಮೇಲೆ ಪಟ್ಟಿ ಬಿಗಿದು ಬಿಸಿಲಲ್ಲಿ ನಿಲ್ಲಿಸಿದಾಗ ತಳ ತಗ್ಗಾಗುವುದೂ ಇದೇ ಕಾರಣಕ್ಕೆ. ಪಟ್ಟಿ ಬಿಚ್ಚಿ, ತಗ್ಗಿಗೆ ಬಿಸಿನೀರು ಹಾಕಿ ಒಳಗಿನಿಂದ ಒತ್ತಿದರೆ ಬಹುಮಟ್ಟಿಗೆ ಮರಳಿ ಬರುತ್ತದೆ.

ರಾಡ್ ಹೋಲ್ಡರಿಗೆ ಹೊಲದ 40 ಮಿ.ಮೀ. ಪಿವಿಸಿ ಪೈಪ್. 30 ಸೆಂ.ಮೀ. ತುಂಡು, ಬಾಯಿಯನ್ನು ಗ್ಯಾಸ್ ಉರಿಯಿಂದ ಒಂದು ಗೇಣು ಮೇಲೆ ಹಿಡಿದು ತಿರುಗಿಸುತ್ತ ಮೆತ್ತಗೆ ಮಾಡಿ ಗಾಜಿನ ಬಾಟಲಿ ಒತ್ತಿದರೆ ಅರಳುತ್ತದೆ. ಹೊಗೆ ಬಂತೆಂದರೆ ಅತಿಯಾಯಿತು, ಆ ಹೊಗೆ ಕುಡಿಯಬಾರದು. ಕಿಟಕಿ ಬಾಗಿಲು ತೆರೆದಿರಲಿ. ರೀಲಿನ ಕಾಲು ಕೂರಲಿಕ್ಕೆ ಬಾಯಿಯಿಂದ 8 ಸೆಂ.ಮೀ. ಸೀಳು. ಇಂಥ ಮೂರನ್ನು ಹಾಲಿನ ಕ್ರೇಟಿಗೆ ಹಿಂದಕ್ಕೆ 30 ಡಿಗ್ರಿ ವಾಲಿಸಿ ಕಟ್ಟಿದೆ. ಬಿಳಿ ಝಿಪ್ ಟೈ ಒಂದು ಬೇಸಿಗೆಗೆ ಪುಡಿಪುಡಿ, ಕಪ್ಪು ಬಣ್ಣದ್ದೇ ಬೇಕು. ಕ್ರೇಟ್ ಬೆನ್ನ ಹಿಂದೆ ಇರುವುದರಿಂದ ಅಲ್ಲಿನ ರಾಡ್‌ಗಳು ಒಯ್ಯಲಿಕ್ಕೆ ಮಾತ್ರ. ಮೀನು ಕಚ್ಚಲಿ ಅಂತ ಕಾಯುವ ರಾಡ್ ಮುಂದೆ, ಮೊಣಕಾಲ ಪಕ್ಕ ಇರಬೇಕು. ಹಿಂದಿನ ರಾಡ್ ಎಳೆದಾಗ ಗಕ್ಕನೆ ತಿರುಗಿದರೆ ಸೊಂಟದ ಜೊತೆ ಕಯಾಕೂ ತಿರುಗುತ್ತದೆ.

ಫಿಶ್ ಫೈಂಡರಿಗೆ ಬ್ಯಾಟರಿ ಹುಡುಕಿಕೊಂಡು ದೂರ ಹೋಗುವ ಅಗತ್ಯವಿಲ್ಲ. ಔಷಧ ಹೊಡೆಯುವ ಬ್ಯಾಟರಿ ಪಂಪಿನ 12 ವೋಲ್ಟ್, 8 ಆಂಪಿಯರ್-ಅವರ್ ಬ್ಯಾಟರಿ ಗೊಬ್ಬರದಂಗಡಿಯಲ್ಲೇ ಸಿಗುತ್ತದೆ. ನನ್ನ ಐದಿಂಚಿನ ಯಂತ್ರ ಅರ್ಧ ಆಂಪಿಯರಿನ ಆಸುಪಾಸು ಎಳೆಯುತ್ತದೆ. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಹಿಡಿದರೆ ಎಂಟು ತಾಸು ಬಂತು. ರಬ್ಬರ್ ಮುಚ್ಚಳದ ಅಡುಗೆ ಡಬ್ಬಿಯಲ್ಲಿಟ್ಟು, ತಂತಿ ಹೊರಬರುವ ಕಡೆ ನೀರು ನುಗ್ಗದಂತೆ ಬಿಗಿಯುವ ಕೇಬಲ್ ಗ್ಲ್ಯಾಂಡ್ ಹಾಕಿದ್ದೇನೆ. ಚಾರ್ಜ್ ಮಾಡುವಾಗ ಮಾತ್ರ ಮುಚ್ಚಳ ತೆಗೆಯಲೇಬೇಕು, ಸೀಸದ ಬ್ಯಾಟರಿ ಹೈಡ್ರೋಜನ್ ಬಿಡುತ್ತದೆ. ಫ್ಯೂಸ್ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಲಿ, ಅದರ ಆಂಪಿಯರ್ ಯಂತ್ರದ ಕೈಪಿಡಿಯಲ್ಲಿ ಹೇಳಿದಷ್ಟೇ; ನನ್ನದಕ್ಕೆ 3 ಆಂಪಿಯರ್.

ಟ್ರಾನ್ಸ್‌ಡ್ಯೂಸರನ್ನು (ಫಿಶ್ ಫೈಂಡರಿನಲ್ಲಿ ಶಬ್ದ ಕಳಿಸಿ ಮರುದನಿ ಹಿಡಿಯುವ ಭಾಗ) ತಳದ ಒಳಗಿನಿಂದಲೇ ಕೂರಿಸಿದೆ. ಒಂದೇ ಪದರದ ಪ್ಲಾಸ್ಟಿಕ್ಕಿನ ಮೂಲಕ ಶಬ್ದ ಹಾಯುತ್ತದೆ. ನಡುವೆ ಫೋಮ್ ಇರುವ ಮೂರು ಪದರದ ದೋಣಿಗಳಲ್ಲಿ ಇದು ನಡೆಯದು. ಶಬ್ದ ಹಾಯಲಾರದ್ದು ಗಾಳಿಯ ಗುಳ್ಳೆಯ ಮೂಲಕ. ಮೊದಲು ತಳದ ಮೇಲೆ ಸ್ವಲ್ಪ ನೀರು ಸುರಿದು, ಟ್ರಾನ್ಸ್‌ಡ್ಯೂಸರನ್ನು ಅದರೊಳಗಿಟ್ಟು ಆಳ ಸರಿ ತೋರಿಸುತ್ತದೆಯೇ ನೋಡಿದೆ. ಆಮೇಲೆ ಆ ಜಾಗ ಒರಸಿ, ಮರಳು ಕಾಗದದಿಂದ ಉಜ್ಜಿ, ಒಂದೇ ಗುಡ್ಡೆಯಾಗಿ ಸೀಲಂಟ್ ಹಾಕಿ, ಒಂದು ಬದಿಯಿಂದ ವಾಲಿಸುತ್ತ ಒತ್ತಿ ಕೂರಿಸಿದೆ. ನೇರವಾಗಿ ಮೇಲಿನಿಂದ ಒತ್ತಿದರೆ ನಡುವೆ ಗುಳ್ಳೆ ಸಿಕ್ಕಿಬೀಳುತ್ತದೆ, ಪರದೆ ಖಾಲಿ. ಅಲುಗಾಡದಂತೆ ಎರಡು ದಿನ ಬಿಟ್ಟೆ. ಹೀಗೆ ಕೂರಿಸಿದರೆ ಅದು ತೋರಿಸುವ ತಾಪಮಾನ ನೀರಿನದಲ್ಲ, ದೋಣಿಯ ಹೊಟ್ಟೆಯದು. ಪಕ್ಕದ ಚಿತ್ರ ತೋರಿಸುವ ಸೈಡ್ ಇಮೇಜಿಂಗ್ ಇದ್ದವರು ಅದನ್ನು ಹೊರಗೇ ಇಳಿಬಿಡಬೇಕು.

ಇನ್ನು ಲಂಗರು. ಬರೆಯುವುದರಲ್ಲಿ ಅತಿ ಮುಖ್ಯವಾದದ್ದು ಇದೇ. ಹಿನ್ನೀರು ಬಯಲು, ತಡೆಯಲಿಕ್ಕೆ ಗುಡ್ಡವಿಲ್ಲ, ಮುಂಗಾರಿನ ಪಡುವಣ ಗಾಳಿ ಎದ್ದರೆ ಅರ್ಧ ತಾಸಿನಲ್ಲಿ ತೆರೆ. ಲಂಗರಿನ ಹಗ್ಗ ದೋಣಿಯ ನಡುಭಾಗದಿಂದ ಹೋಗಿದ್ದರೆ ಕಯಾಕ್ ತೆರೆಗೆ ಅಡ್ಡ ನಿಂತು ಮಗುಚುತ್ತದೆ. ಮುಂತುದಿ ಅಥವಾ ಹಿಂತುದಿಯಿಂದಲೇ ಹೋಗಬೇಕು, ತೆರೆ ಎದ್ದಾಗ ಮುಂತುದಿಯಿಂದ ಮಾತ್ರ. ಕೂತಲ್ಲಿಂದ ಅಲ್ಲಿಗೆ ಕೈ ಹೋಗದ್ದರಿಂದ ಆಂಕರ್ ಟ್ರಾಲಿ: ಎರಡೂ ತುದಿಯಲ್ಲಿ ಒಂದೊಂದು ಸಣ್ಣ ರಾಟೆ, ಅವುಗಳ ನಡುವೆ ಬಳೆಯಂತೆ ಸುತ್ತುವ ಹಗ್ಗ, ಹಗ್ಗದಲ್ಲೊಂದು ಸ್ಟೀಲ್ ಉಂಗುರ. ರಾಟೆಗಳ ಅಂತರ 2.6 ಮೀಟರ್, ಹಗ್ಗ 5 ಮಿ.ಮೀ. ದಪ್ಪದ್ದು 6 ಮೀಟರ್. ಉಂಗುರದ ಒಂದು ಬದಿಗೆ ಒಂದು ಗೇಣು ರಬ್ಬರ್ ಹುರಿ ಸೇರಿಸಿದ್ದೇನೆ. ಬಿಸಿಲಿಗೆ ದೋಣಿ ಬೆಳೆದರೂ ತಂಪಿಗೆ ಕುಗ್ಗಿದರೂ ಹಗ್ಗ ಜೋತು ಬೀಳುವುದಿಲ್ಲ. ಲಂಗರಿನ ಹಗ್ಗ ಈ ಉಂಗುರದೊಳಗಿಂದ ಹಾಯ್ದು ಕೈಹತ್ತಿರದ ಕ್ಲೀಟಿಗೆ, ಅಂದರೆ ಹಗ್ಗ ಹಿಡಿದಿಡುವ ಗೂಟಕ್ಕೆ, ಬರುತ್ತದೆ. ಗಂಟು ಹಾಕಲೇಬಾರದು, ಒಂದೇ ಎಳೆತಕ್ಕೆ ಬಿಡಬೇಕು. ಹಗ್ಗದ ಕೊನೆಗೆ ಮುಚ್ಚಳ ಬಿಗಿದ ಖಾಲಿ ಲೀಟರ್ ಬಾಟಲಿ. ಬಿಟ್ಟು ಓಡಿದರೂ ಆಮೇಲೆ ಬಂದು ಎತ್ತಿಕೊಳ್ಳಬಹುದು.

ಮಡಚುವ ನಾಲ್ಕು ಕೊಕ್ಕೆಯ ಲಂಗರು ಒಂದೂವರೆ ಕೆ.ಜಿ., ಅದಕ್ಕೆ ಒಂದು ಮೀಟರ್ ಸರಪಳಿ. ಹಗ್ಗ ಆಳದ ಐದು ಪಟ್ಟು: ನಾಲ್ಕು ಮೀಟರ್ ನೀರಿಗೆ ಇಪ್ಪತ್ತು ಮೀಟರ್. ಗಿಡ್ಡ ಹಗ್ಗ ಲಂಗರನ್ನು ಮೇಲಕ್ಕೆತ್ತುತ್ತದೆ, ಕಚ್ಚಲು ಬಿಡುವುದಿಲ್ಲ. ಮುಳುಗಡೆಯ ನೀರಿನ ಅಡಿಯಲ್ಲಿ ಜಾಲಿಗಿಡ, ಮನೆಗೋಡೆ, ಬದುವಿನ ಕಲ್ಲು ಎಲ್ಲ ಹಾಗೇ ಇವೆ. ಜಲಾಶಯ ತುಂಬಿದಾಗ ಮಟ್ಟ 519.6 ಮೀಟರ್, ಬೇಸಿಗೆಯಲ್ಲಿ ಅದು ಇಳಿಯುತ್ತ ಹೋದಂತೆ ಹಿಂದಿನ ತಿಂಗಳು ಆಳದಲ್ಲಿದ್ದ ಗಿಡ ಈ ತಿಂಗಳು ಮೊಳಕೈಯಷ್ಟು ಕೆಳಗಿರುತ್ತದೆ. ಲಂಗರು ಸಿಕ್ಕಿಕೊಳ್ಳುವುದು ಖಾತ್ರಿ ಎಂದೇ ಹಿಡಿದು ಸರಪಳಿಯನ್ನು ಮೇಲಿನ ಕಣ್ಣಿಗಲ್ಲ, ಕೊಕ್ಕೆಗಳ ಬುಡಕ್ಕೆ ಕಟ್ಟಿದೆ. ಅಲ್ಲಿಂದ ದಿಂಡಿನುದ್ದಕ್ಕೆ ತಂದು ಮೇಲಿನ ಕಣ್ಣಿಗೆ ತೆಳು ಝಿಪ್ ಟೈ ಒಂದರಿಂದ ಹಿಡಿಸಿದೆ. ಸಿಕ್ಕಿಕೊಂಡಾಗ ನೇರ ಮೇಲೆ ಹೋಗಿ ಜೋರಾಗಿ ಜಗ್ಗಿದರೆ ಟೈ ತುಂಡಾಗಿ ಲಂಗರು ಬುಡ ಮೇಲಾಗಿ ಬರುತ್ತದೆ. ಎರಡು ಟೈ ಹಾಕಿದರೆ ತುಂಡಾಗುವುದಿಲ್ಲ, ಆಗ ಚಾಕುವೇ ಗತಿ. ಚಾಕು ಲೈಫ್ ಜಾಕೆಟಿನ ಮೇಲೇ ಇರಲಿ, ಕ್ರೇಟಿನಲ್ಲಲ್ಲ.

ಗಾಳಿಯಲ್ಲಿ ತೇಲುತ್ತಲೇ ಗಾಳ ಹಾಕಬೇಕೆಂದರೆ ವೇಗ ತಗ್ಗಿಸಲು ನೀರಿನ ಚೀಲ ಬೇಕು. ಯೂರಿಯಾ ಚೀಲದ ಬಾಯಿಗೆ 16 ಮಿ.ಮೀ. ಡ್ರಿಪ್ ಪೈಪಿನ ಬಳೆ ಹೊಲಿದು, ತಳದಲ್ಲಿ ನಾಲ್ಕು ಬೆರಳಗಲದ ತೂತು ಬಿಟ್ಟು, ಬಾಯಿಯಿಂದ 70 ಸೆಂ.ಮೀ.ಯ ನಾಲ್ಕು ಹುರಿ ಒಂದೆಡೆ ಸೇರಿಸಿದರೆ ಆಯಿತು. ಚೀಲದ ನೂಲು ತೇಲುವ ಜಾತಿ, ಹಾಗಾಗಿ ಬಾಯಿಯ ಒಂದು ಬದಿಗೆ ಎರಡು ದಪ್ಪ ನಟ್ ಕಟ್ಟಬೇಕು. ತಳದ ತೂತು ಬಿಡದಿದ್ದರೆ ಚೀಲ ಎಡಬಲ ತೊನೆದಾಡುತ್ತದೆ. ಮೀನುಗಾರರ ಬಲೆಯ ತೇಲುಬಾಟಲಿಗಳು ಕಂಡ ಕಡೆ ಚೀಲವನ್ನೂ ಲಂಗರನ್ನೂ ಒಳಗೆಳೆದುಕೊಳ್ಳಿ. ಅವರ ಬಲೆ ಹರಿದರೆ ಅವರ ಅವತ್ತಿನ ದುಡಿಮೆ ಹೋಯಿತು. ಗಾಳ ಹಾಕಲು ಅನುಮತಿ ಬೇಕೇ ಎಂಬುದನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿಕೊಂಡೇ ಇಳಿಯಬೇಕು. ಅಣೆಕಟ್ಟಿನ ಕಡೆಗಂತೂ ಹೋಗುವಂತಿಲ್ಲ.

ಎರಡಡಿ, ಮೂರಡಿ ನೀರಿನಲ್ಲಿ ಲಂಗರಿಗಿಂತ ಏಳಡಿಯ ಬಿದಿರಿನ ಗಳ ಮೇಲು. ಎರೆಮಣ್ಣಿನಲ್ಲಿ ನೆಟ್ಟದ್ದನ್ನು ನೇರ ಎಳೆಯಬೇಡಿ, ತಿರುಗಿಸಿ ತೆಗೆಯಿರಿ.

ಇಷ್ಟೆಲ್ಲ ತೂತು ಕೊರೆದ ಮೇಲೆ ಸೋರಿಕೆ ನೋಡಬೇಕು. ತೂತಿನ ಸುತ್ತ ಸೋಪಿನ ನೊರೆ ಬಳಿದು, ಡ್ರೇನ್ ಪ್ಲಗ್ಗಿನ ತೂತಿಗೆ ಪೈಪ್ ಹಿಡಿದು ಬಾಯಿಯಿಂದ ಊದಿದರೆ ಗುಳ್ಳೆ ಎದ್ದಲ್ಲಿ ಸೋರಿಕೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಬೇಡ, ಹ್ಯಾಚ್ (ಡೆಕ್ಕಿನ ಮುಚ್ಚಳ) ಕಿತ್ತುಬರುತ್ತದೆ. ಒಳಗೆ ನೀರು ತುಂಬಿದರೆ ಈ ಪ್ಲಾಸ್ಟಿಕ್ ಸ್ವಂತ ಬಲದ ಮೇಲೆ ಹೇಗೋ ತೇಲೀತು, ಸಾಮಾನನ್ನಾಗಲಿ ಮನುಷ್ಯನನ್ನಾಗಲಿ ಹೊರಲಾರದು. ಎರಡು ಲೀಟರಿನ ಖಾಲಿ ಬಾಟಲಿ ಇಪ್ಪತ್ತು, ಈರುಳ್ಳಿಯ ಜಾಳಿಗೆ ಚೀಲದಲ್ಲಿ ತುಂಬಿ ಮುಂದೆ ಹಿಂದೆ ತುರುಕಿದೆ: ಹತ್ತಿರ ಹತ್ತಿರ 40 ಕೆ.ಜಿ. ಎತ್ತುವ ಬಲ. ಥರ್ಮೋಕೋಲ್ ತುಂಡುಗಳು ಉಜ್ಜಿ ಉಜ್ಜಿ ಕಾಳಾಗಿ ಉದುರಿ ಡ್ರೇನ್ ತೂತು ಮುಚ್ಚುತ್ತವೆ.

ಕೊನೆಯ ಪರೀಕ್ಷೆ ಎದೆಮಟ್ಟದ ನೀರಿನಲ್ಲಿ, ಜಾಕೆಟ್ ಹಾಕಿಕೊಂಡು, ದಂಡೆಯ ಮೇಲೆ ಒಬ್ಬರನ್ನು ನಿಲ್ಲಿಸಿ: ಬೇಕೆಂತಲೇ ಮಗುಚಿ, ಕಾಲು ನೆಲಕ್ಕೆ ತಾಕಿಸದೆ ಮತ್ತೆ ಹತ್ತುವುದು. ಮೊದಲ ಸಲ ಜಾಕೆಟಿನ ಬಕಲ್ ಬಲಬದಿಯ ರಾಡ್ ಹೋಲ್ಡರಿಗೆ ಸಿಕ್ಕಿಕೊಂಡಿತು, ಹೊಟ್ಟೆ ಹಳಿಗೆ ತಾಗಿ ಮೇಲೇರಲಾಗಲಿಲ್ಲ. ಟ್ರಾಲಿ, ಹಳಿ, ಹೋಲ್ಡರ್ ಎಲ್ಲವೂ ಎಡಬದಿಗೆ ಹೋದವು. ಬಲಬದಿಯಲ್ಲಿ ಈಗ ಒಂದು ಎಳೆ ಹಗ್ಗವೂ ಇಲ್ಲ. ಹಳೇ ತೂತುಗಳಿಗೆ ಬೋಲ್ಟ್, ಅಗಲ ವಾಶರ್, ಸೀಲಂಟ್ ಹಾಕಿ ಮುಚ್ಚಿದ್ದೇನೆ.