ತೊಟ್ಟಿಗಿಂತ ಮೊದಲು ನಿವಾಸಿಗಳ ಪಟ್ಟಿ: ಕಡಿಮೆ ಖರ್ಚಿನ ಸಮುದ್ರ ಅಕ್ವೇರಿಯಂ, ನನ್ನ ಅನುಭವ

ಉಪ್ಪುನೀರಿನ ಅಕ್ವೇರಿಯಂ ಎಂದರೆ ಸಿರಿವಂತರ ಹವ್ಯಾಸ ಎಂಬ ಮಾತು ಬೆಂಗಳೂರಿನಲ್ಲಿ ಎಲ್ಲಿ ವಿಚಾರಿಸಿದರೂ ಕೇಳಿಬರುತ್ತದೆ. ಲಕ್ಷಕ್ಕೆ ಕಡಿಮೆ ಯಾರೂ ಲೆಕ್ಕ ಹೇಳುವುದಿಲ್ಲ. ನಮ್ಮ ಮನೆಯ ಹಜಾರದಲ್ಲಿರುವ ತೊಟ್ಟಿಗೆ ಗಾಜಿನಿಂದ ಹಿಡಿದು ಮೊದಲ ಜೋಡಿ ಮೀನಿನವರೆಗೆ ಮೂವತ್ತು ಸಾವಿರ ರೂಪಾಯಿಯ ಒಳಗೆ ಖರ್ಚಾಯಿತು. ಅದರಲ್ಲಿ ಹವಳದ ಬಂಧುಗಳು ಅರಳಿವೆ, ಕ್ಲೌನ್ ಮೀನುಗಳು ಮೊಟ್ಟೆ ಇಟ್ಟಿವೆ. ತೊಟ್ಟಿಯನ್ನು ಕೊಳ್ಳುವ ಮೊದಲೇ ಅದರಲ್ಲಿ ಯಾರು ಇರಬೇಕು, ಯಾರು ಇರಬಾರದು ಎಂದು ಕಾಗದದ ಮೇಲೆ ಬರೆದುಕೊಂಡದ್ದರಿಂದ ಇದು ಸಾಧ್ಯವಾಯಿತು. ದೀಪ ಎಷ್ಟು ಪ್ರಖರವಾಗಿರಬೇಕು, ಪಂಪು ಎಷ್ಟು ದೊಡ್ಡದಿರಬೇಕು, ನೀರು ತಣಿಸುವ ಚಿಲ್ಲರ್ ಬೇಕೇ ಬೇಡವೇ ಎಂಬುದನ್ನೆಲ್ಲ ತೀರ್ಮಾನಿಸುವುದು ಆ ಪಟ್ಟಿ.

ಮೊದಲು ಹೊಡೆದುಹಾಕಿದ ಹೆಸರು ಗಟ್ಟಿ ಹವಳದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆ, ಸಮುದ್ರ ಕುದುರೆ, ಸಮುದ್ರ ಸೌತೆ ಸೇರಿದವು. ಹುಲಿಗೆ ಕೊಟ್ಟ ರಕ್ಷಣೆಯನ್ನೇ ಇವಕ್ಕೂ ಕೊಟ್ಟರು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ ಮುಳುಗುಹಾಕಿದವರು ಅಲ್ಲಿನ ಹವಳ ನೋಡಿ ಬರುತ್ತಾರೆ. ಅಲ್ಲಿಂದ, ಅಥವಾ ಯಾವುದೇ ಕಡಲತೀರದಿಂದ, ಸತ್ತ ಹವಳದ ಒಂದು ತುಂಡನ್ನೂ ಮನೆಗೆ ತರುವಂತಿಲ್ಲ. ಕಾನೂನು ಇರದಿದ್ದರೂ ನಾನು ತರುತ್ತಿರಲಿಲ್ಲ. ಆ ಒಂದು ತುಂಡು ಬೆಳೆಯಲು ಹಿಡಿದ ವರ್ಷಗಳನ್ನು ಯೋಚಿಸಿದರೆ ಕೈ ಮುಂದಾಗುವುದಿಲ್ಲ. ಗಟ್ಟಿ ಹವಳ ಬೇಡವೆಂದಾದ ಕ್ಷಣಕ್ಕೆ ದುಬಾರಿ ದೀಪ, ಕ್ಯಾಲ್ಸಿಯಂ ತೊಟ್ಟಿಕ್ಕಿಸುವ ಯಂತ್ರ, ನೀರಿನ ಕೊಳೆಯನ್ನು ನೊರೆಯಾಗಿಸಿ ತೆಗೆಯುವ ದೊಡ್ಡ ಪ್ರೋಟೀನ್ ಸ್ಕಿಮ್ಮರ್ ಎಲ್ಲವೂ ಪಟ್ಟಿಯಿಂದ ಬಿದ್ದವು.

ಆಮೇಲೆ ಮೀನುಗಳ ಸರದಿ. ನೀಲಿ ಟ್ಯಾಂಗ್ ನೋಡಲು ಚೆಂದ, ಆದರೆ ಒಂದಡಿಯವರೆಗೆ ಬೆಳೆಯುತ್ತದೆ, ದಿನವಿಡೀ ಈಜುತ್ತದೆ. ಎರಡಡಿ ತೊಟ್ಟಿ ಅದಕ್ಕೆ ಸೆರೆಮನೆ. ಮ್ಯಾಂಡರಿನ್ ಮೀನು ಕಲ್ಲಿನ ಮೇಲೆ ಹರಿದಾಡುವ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕೋಪೆಪಾಡ್‌ಗಳನ್ನೇ ಹೆಕ್ಕಿ ತಿನ್ನುತ್ತದೆ. ಸಣ್ಣ ತೊಟ್ಟಿಯಲ್ಲಿ ಅವು ಮುಗಿದ ಮೇಲೆ ಹಸಿದು ಸಾಯುತ್ತದೆ. ಡ್ಯಾಮ್ಸೆಲ್ ಅಗ್ಗ, ಗಟ್ಟಿ ಜೀವ, ಆದರೆ ಆಮೇಲೆ ಬಂದವರನ್ನೆಲ್ಲ ಅಟ್ಟಾಡಿಸಿ ಕಚ್ಚುತ್ತದೆ. ಕ್ಲೌನ್ ಮೀನಿನ ಜೊತೆಗೆ ಆನಿಮೋನ್ ಎಂಬ, ಹೂವಿನಂತೆ ಕಾಣುವ ಕಡಲಜೀವಿ ಇರಲೇಬೇಕು ಎಂಬ ನಂಬಿಕೆ ಬಹಳ ಜನರಿಗಿದೆ. ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಕ್ಲೌನ್‌ಗೆ ಅದು ಬೇಕಿಲ್ಲ. ಆನಿಮೋನ್‌ಗೆ ಪ್ರಖರ ಬೆಳಕು ಬೇಕು, ಶುರುವಾಗಿ ವರ್ಷವಾದರೂ ಆಗಿ ನೀರಿನ ಗುಣ ಏರುಪೇರಾಗದ ತೊಟ್ಟಿ ಬೇಕು. ಅದು ನೆಲೆ ಬದಲಿಸುತ್ತ ಹೋಗಿ ಪಂಪಿಗೆ ಸಿಕ್ಕರೆ ಇಡೀ ತೊಟ್ಟಿ ವಿಷವಾಗುತ್ತದೆ.

ಉಳಿದವರು ಇಷ್ಟು: ಒಂದು ಜೋಡಿ ಆಸಿಲ್ಲಾರಿಸ್ ಕ್ಲೌನ್, ಒಂದು ಹಳದಿ ವಾಚ್‌ಮನ್ ಗೋಬಿ, ಅದರ ಜೊತೆಗಾರ ಪಿಸ್ತೂಲು ಸೀಗಡಿ, ಪಾಚಿ ತಿನ್ನುವ ಬಸವನಹುಳುಗಳು, ಕೆಲವು ಸನ್ಯಾಸಿ ಏಡಿಗಳು. ಹವಳದ ಜಾಗಕ್ಕೆ ದಿಬ್ಬ ಕಟ್ಟದ ಅದರ ಮೆದು ಬಂಧುಗಳಾದ ಝೋಆಂಥಿಡ್, ಮಶ್ರೂಮ್ ಮತ್ತು ಕೀನ್ಯಾ ಟ್ರೀ. ಕ್ಲೌನ್ ಮೀನು ಕೊಳ್ಳುವಾಗ ಸಾಕಣೆಯಲ್ಲಿ ಹುಟ್ಟಿದ್ದೇ ಬೇಕೆಂದು ಪಟ್ಟುಹಿಡಿಯಬೇಕು. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಇವನ್ನು ಮರಿ ಮಾಡಿಸುವ ವಿಧಾನವನ್ನು ನಮ್ಮಲ್ಲೇ ರೂಪಿಸಿ ವರ್ಷಗಳಾಗಿವೆ, ತಮಿಳುನಾಡು ಮತ್ತು ಕೇರಳದ ಕಡೆಯಿಂದ ಮರಿಗಳು ಬರುತ್ತವೆ. ಕಡಲಿನಿಂದ ಹಿಡಿದ ಮೀನಿಗಿಂತ ಇವು ಗಟ್ಟಿ. ಮೊದಲ ದಿನದಿಂದಲೇ ಕಾಳಿನ ಆಹಾರ ತಿನ್ನುತ್ತವೆ. ಒಂದು ದೊಡ್ಡದು, ಒಂದು ಸಣ್ಣದು ಆರಿಸಿಕೊಂಡರೆ ಸಾಕು. ಕ್ಲೌನ್‌ಗಳೆಲ್ಲ ಮೊದಲು ಗಂಡಾಗಿ ಬೆಳೆದು, ಜೋಡಿಯಲ್ಲಿ ದೊಡ್ಡದು ಹೆಣ್ಣಾಗುತ್ತದೆ. ಗೋಬಿ ಮತ್ತು ಸೀಗಡಿ ಮಾತ್ರ ಕಡಲಿನಿಂದ ಬಂದವು. ಅದು ನನ್ನ ಮನಸ್ಸಿನಲ್ಲಿದೆ, ಹಾಗಾಗಿ ಆ ಸಾಲಿಗೆ ಇನ್ನೊಂದು ಹೆಸರು ಸೇರಿಸಿಲ್ಲ.

ಈ ಪಟ್ಟಿಗೆ 60 ಸೆಂಟಿಮೀಟರ್ ಉದ್ದ, 45 ಅಗಲ, 40 ಎತ್ತರದ ತೊಟ್ಟಿ ಸಾಕಾಯಿತು. ನೀರು ಸುಮಾರು 90 ಲೀಟರ್. ಇದಕ್ಕಿಂತ ಚಿಕ್ಕದು ಅಗ್ಗ ಎಂದು ತೋರುತ್ತದೆ, ಆದರೆ ನೀರು ಕಡಿಮೆಯಾದಷ್ಟೂ ಉಪ್ಪು ಮತ್ತು ತಾಪಮಾನ ಬೇಗ ಏರುಪೇರಾಗುತ್ತವೆ. 8 ಮಿಲಿಮೀಟರ್ ಗಾಜನ್ನು ಬಡಾವಣೆಯ ಗಾಜಿನ ಅಂಗಡಿಯಲ್ಲಿ ಅಳತೆ ಕೊಟ್ಟು ಕತ್ತರಿಸಿ ಅಂಟಿಸಿ ಕೊಡಲು ಹೇಳಿದೆ. ಹಿಂಬದಿಯಲ್ಲಿ 10 ಸೆಂಟಿಮೀಟರ್ ಬಿಟ್ಟು ಒಂದು ಅಡ್ಡಗಾಜು ಹಾಕಿಸಿದ್ದರಿಂದ ಹೀಟರ್, ಪಂಪು, ಸೋಸುವ ಹತ್ತಿ ಎಲ್ಲವೂ ಅದರ ಹಿಂದೆ ಮರೆಯಾದವು. ಪ್ರತ್ಯೇಕ ಫಿಲ್ಟರ್ ಬೇಕಾಗಲಿಲ್ಲ. ನೀರು, ಕಲ್ಲು, ಗಾಜು ಸೇರಿ ನೂರಿಪ್ಪತ್ತೈದು ಕಿಲೋ ದಾಟುತ್ತದೆ. ಅದನ್ನು ಹೊರುತ್ತಿರುವುದು ಸಿಮೆಂಟ್ ಇಟ್ಟಿಗೆಗಳ ಮೇಲಿಟ್ಟ ಕಡಪ ಕಲ್ಲು, ನಡುವೆ ಒಂದು ಥರ್ಮೋಕೋಲ್ ಹಾಳೆ. ಉಪ್ಪುನೀರು ಬಿದ್ದರೆ ಕಡಪ ಕಲ್ಲು ಉಬ್ಬುವುದಿಲ್ಲ, ಪ್ಲೈವುಡ್ ಉಬ್ಬುತ್ತದೆ.

ಜಿಪುಣತನ ಮಾಡಲೇಬಾರದ ಒಂದೇ ಕಡೆ ನೀರು. ನಮ್ಮ ಬಡಾವಣೆಗೆ ಬರುವ ಕೊಳವೆಬಾವಿ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣಗಳ ಅಳತೆ, 800ರ ಆಸುಪಾಸು. ಮನೆಯ ಕುಡಿಯುವ ನೀರಿನ ಆರ್‌ಓ ಯಂತ್ರವೇ ಸಾಕಲ್ಲ ಎನ್ನಬಹುದು. ಆದರೆ ಆ ಯಂತ್ರಗಳು ರುಚಿಗಾಗಿ ಖನಿಜ ಬೆರೆಸುತ್ತವೆ, ಕೆಲವು ಸೋಸದ ನೀರನ್ನೂ ಒಂದಿಷ್ಟು ಸೇರಿಸುತ್ತವೆ. ಹಾಗಾಗಿ ಯಂತ್ರದ ಸೋಸುವ ಪೊರೆಯಿಂದ ಹೊರಬರುವ ಕೊಳವೆಗೇ ಒಂದು ಟಿ-ಜೋಡಣೆ ಹಾಕಿ, ಅಲ್ಲಿಂದ ನೀರನ್ನು ಉಳಿದ ಲವಣಗಳನ್ನು ಹಿಡಿದಿಡುವ ಡಿಐ ರಾಳ ತುಂಬಿದ ಕೊಳವೆಯ ಮೂಲಕ ಹಾಯಿಸಿದೆ. ಪೊರೆ ದಾಟಿದಾಗ ಐವತ್ತರ ಸುತ್ತ ಇದ್ದ ಟಿಡಿಎಸ್, ರಾಳ ದಾಟಿದ ಮೇಲೆ ಸೊನ್ನೆ. ಈ ಐವತ್ತರಲ್ಲಿ ನೈಟ್ರೇಟ್ ಇರಬಹುದು, ಸಿಲಿಕೇಟ್ ಇರಬಹುದು, ತಾಮ್ರವೂ ಇರಬಹುದು. ಸೀಗಡಿ ಮತ್ತು ಬಸವನಹುಳುಗಳಿಗೆ ತಾಮ್ರದ ಅಂಶ ಕಿಂಚಿತ್ತು ಸೇರಿದರೂ ಮರಣ. ಈಗಾಗಲೇ ಆರ್‌ಓ ಇದ್ದ ಮನೆಯಲ್ಲಿ ಇದಕ್ಕೆ ತಗಲುವ ಹೆಚ್ಚುವರಿ ವೆಚ್ಚ ತೀರಾ ಸಣ್ಣದು.

ಅಡುಗೆ ಉಪ್ಪು ಈ ಕೆಲಸಕ್ಕೆ ಬಾರದು. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಇರುವ ಸಮುದ್ರ ಉಪ್ಪಿನ ಮಿಶ್ರಣವನ್ನೇ ಲೀಟರಿಗೆ 36ರಿಂದ 38 ಗ್ರಾಂ ಬೆರೆಸುತ್ತೇನೆ. ಆದರೆ ಅಡುಗೆ ಉಪ್ಪಿಗೂ ಇಲ್ಲಿ ಒಂದು ಕೆಲಸವಿದೆ. ಲವಣಾಂಶ ಅಳೆಯುವ ರಿಫ್ರ್ಯಾಕ್ಟೋಮೀಟರನ್ನು ಶುದ್ಧ ನೀರಿನಿಂದ ಸೊನ್ನೆಗೆ ಹೊಂದಿಸಿದರೂ 35ರ (ಸಮುದ್ರದ ನೀರಿನ ಲವಣಾಂಶ, ಸಾವಿರ ಪಾಲಿಗೆ 35 ಪಾಲು) ಬಳಿ ಅದು ತಪ್ಪು ತೋರಿಸಬಹುದು. ಸಿದ್ಧ ದ್ರಾವಣ ಕೊಳ್ಳುವ ಬದಲು, ಒಣಗಿದ ಸಾದಾ ಉಪ್ಪು 36.5 ಗ್ರಾಂ ತೂಗಿ 963.5 ಗ್ರಾಂ ಶುದ್ಧ ನೀರಿನಲ್ಲಿ ಕರಗಿಸಿದರೆ, ಅದು ಬೆಳಕನ್ನು 35ರ ಸಮುದ್ರದ ನೀರಿನಷ್ಟೇ ಬಾಗಿಸುತ್ತದೆ. ಆ ದ್ರಾವಣದ ಎರಡು ಹನಿ ಹಾಕಿ, ನೀಲಿ ಗೆರೆ 35ಕ್ಕೆ ಬರುವವರೆಗೆ ತಿರುಪು ತಿರುಗಿಸಿದರೆ ಮುಗಿಯಿತು.

ಕಲ್ಲುಗಳನ್ನು ನಾನೇ ಎರಕ ಹೊಯ್ದೆ, ಈ ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಭಾಗ ಅದು. ಕೋಳಿ ಆಹಾರದ ಅಂಗಡಿಗಳಲ್ಲಿ ಚಿಪ್ಪಿನ ನುಚ್ಚು ಮೂಟೆಯಲ್ಲಿ ಸಿಗುತ್ತದೆ. ಮೊಟ್ಟೆ ಇಡುವ ಕೋಳಿಗೆ ಸುಣ್ಣದ ಅಂಶಕ್ಕಾಗಿ ಹಾಕುವುದು. ಒಂದು ಪಾಲು ಬಿಳಿ ಸಿಮೆಂಟಿಗೆ ಮೂರು ಪಾಲು ತೊಳೆದ ಚಿಪ್ಪಿನ ನುಚ್ಚು, ಒಂದು ಪಾಲು ಹರಳುಪ್ಪು ಸೇರಿಸಿ, ಗಟ್ಟಿಯಾಗಿ ಕಲಸಿ, ಒದ್ದೆ ಮರಳಿನಲ್ಲಿ ಬೆರಳಿನಿಂದ ಗುಳಿ ಮಾಡಿ ಅದಕ್ಕೆ ತುಂಬಿದೆ. ಗಟ್ಟಿಯಾದ ಮೇಲೆ ನೀರಿನಲ್ಲಿಟ್ಟರೆ ಹರಳುಪ್ಪು ಕರಗಿ ಹೋಗಿ ಕಲ್ಲಿನ ತುಂಬ ರಂಧ್ರಗಳು ಉಳಿಯುತ್ತವೆ, ನೀರನ್ನು ಶುದ್ಧಗೊಳಿಸುವ ಬ್ಯಾಕ್ಟೀರಿಯಾ ಅಲ್ಲೇ ನೆಲೆಸುವುದು. ಹೊಸ ಸಿಮೆಂಟ್ ನೀರಿನ ಪಿಎಚ್ ಅನ್ನು 11ರಾಚೆ ಏರಿಸುತ್ತದೆ. ಬಕೆಟ್ಟಿನಲ್ಲಿ ಮುಳುಗಿಸಿ, ನೀರು ಬದಲಿಸುತ್ತ ಸುಮಾರು ಎರಡು ತಿಂಗಳು ಕಾಯಬೇಕು. ನೀರು ಬದಲಿಸಿ ಕೆಲವು ದಿನ ಬಿಟ್ಟು ನೋಡಿದರೂ ಪಿಎಚ್ 8.5 ದಾಟದಿದ್ದರೆ ಕಲ್ಲು ಸಿದ್ಧ. ಕಲ್ಲುಗಳು ನೇರ ತಳದ ಗಾಜಿನ ಮೇಲೆ ಕೂರಬೇಕು, ಮರಳು ಆಮೇಲೆ. ಪಿಸ್ತೂಲು ಸೀಗಡಿ ಅಡಿಯಿಂದ ಸುರಂಗ ತೋಡುತ್ತದೆ, ಮರಳಿನ ಮೇಲಿಟ್ಟ ಕಲ್ಲು ಕುಸಿಯುತ್ತದೆ.

ದೀಪದ ವಿಷಯ ಬೇಗ ಮುಗಿಸುತ್ತೇನೆ. ಝೋಆಂಥಿಡ್ ಮತ್ತು ಮಶ್ರೂಮ್‌ಗಳ ಒಳಗೆ ಬದುಕುವ ಪಾಚಿಗೆ ನೀಲಿ ಬೆಳಕು ಮುಖ್ಯ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರಸ್ತೆಯಲ್ಲಿ 450 ನ್ಯಾನೋಮೀಟರ್‌ನ ರಾಯಲ್ ಬ್ಲೂ ಎಲ್‌ಇಡಿ, ಕೆಲವು ಬಿಳಿ ಎಲ್‌ಇಡಿ, ಅಲ್ಯುಮಿನಿಯಂ ಪಟ್ಟಿ ಮತ್ತು ಡ್ರೈವರ್ ಕೊಂಡು ಜೋಡಿಸಿಕೊಂಡೆ. ಉಪ್ಪುನೀರು ವಿದ್ಯುತ್ತನ್ನು ಚೆನ್ನಾಗಿ ಹರಿಸುತ್ತದೆ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಎಂಬ, ವಿದ್ಯುತ್ ಸೋರಿದರೆ ತಾನೇ ಕಡಿದುಹೋಗುವ ಸ್ವಿಚ್ಚು ಇಲ್ಲದ ಸಾಲಿಗೆ ಈ ತೊಟ್ಟಿಯ ಯಾವ ಪ್ಲಗ್ಗನ್ನೂ ಹಾಕಬಾರದು.

ಬೆಂಗಳೂರಿನ ಹವೆ ನಮ್ಮ ಪಾಲಿನ ದೊಡ್ಡ ಉಳಿತಾಯ. ಮಂಗಳೂರಿನಲ್ಲಿದ್ದರೆ ಚಿಲ್ಲರ್ ಇಲ್ಲದೆ ಬೇಸಿಗೆ ಕಳೆಯುವುದು ಕಷ್ಟ, ಅದರ ಬೆಲೆ ಇಡೀ ತೊಟ್ಟಿಗಿಂತ ಹೆಚ್ಚು. ಇಲ್ಲಿ ಏಪ್ರಿಲ್‌ನಲ್ಲೂ ನೀರಿನ ಮೇಲ್ಮೈಗೆ ಗಾಳಿ ಬೀಸುವ ಎರಡು ಸಣ್ಣ ಕಂಪ್ಯೂಟರ್ ಫ್ಯಾನ್‌ಗಳು ಎರಡು ಮೂರು ಡಿಗ್ರಿ ಇಳಿಸುತ್ತವೆ. ಅದಕ್ಕೆ ಪ್ರತಿಯಾಗಿ ದಿನಕ್ಕೆ ಒಂದೂವರೆ ಲೀಟರ್ ನೀರು ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಒಂದು ದಿನ ತುಂಬದೆ ಬಿಟ್ಟರೆ 35 ಇದ್ದದ್ದು 35.6 ಆಗುತ್ತದೆ. ಆದ್ದರಿಂದ ಹಿಂಬದಿಯ ಕೋಣೆಗೆ ತೇಲುಗುಂಡಿನ ಕವಾಟ ಜೋಡಿಸಿದ್ದೇನೆ. ಮೇಲಿಟ್ಟ ಕ್ಯಾನಿನಿಂದ ಉಪ್ಪಿಲ್ಲದ ಶುದ್ಧ ನೀರು ತಾನಾಗಿ ಇಳಿಯುತ್ತದೆ. ಕರೆಂಟ್ ಹೋದಾಗ ಇನ್ವರ್ಟರಿನಿಂದ ನಡೆಯುವುದು ಅಲೆ ಎಬ್ಬಿಸುವ ಪಂಪು ಒಂದೇ. ಬೆಳಕಿಲ್ಲದೆ ಒಂದೆರಡು ದಿನ ತಡೆದುಕೊಳ್ಳುವ ಈ ಜೀವಿಗಳು ಆಮ್ಲಜನಕವಿಲ್ಲದೆ ಕೆಲವು ಗಂಟೆಯೂ ತಾಳವು.

ನೀರು, ಕಲ್ಲು, ಮರಳು ಸೇರಿದ ಮೇಲೆ ಮೀನಿಲ್ಲದ ತೊಟ್ಟಿಗೆ ಅಮೋನಿಯಂ ಕ್ಲೋರೈಡ್ ಹಾಕಿ, ಮೀನಿನ ಹೊಲಸಿನಿಂದ ಬರುವ ವಿಷವಾದ ಅಮೋನಿಯಾವನ್ನು ಕರಗಿಸುವ ಬ್ಯಾಕ್ಟೀರಿಯಾ ಬೆಳೆಸಿದೆ. 90 ಲೀಟರಿಗೆ ಅರ್ಧ ಗ್ರಾಂಗಿಂತ ತುಸು ಹೆಚ್ಚು ಹಾಕಿದರೆ ಅಮೋನಿಯಾ ಲೀಟರಿಗೆ 2 ಮಿಲಿಗ್ರಾಂ ಆಗುತ್ತದೆ. ಅಷ್ಟು ಅಮೋನಿಯಾ ಮತ್ತು ಅದರಿಂದಾದ ನೈಟ್ರೈಟ್ ಎರಡೂ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುವವರೆಗೆ ತಾಳ್ಮೆ ಬೇಕು, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಹಿಂದಿನ ಕಾಲದಲ್ಲಿ ಇದಕ್ಕೆ ಜೀವಂತ ಡ್ಯಾಮ್ಸೆಲ್ ಬಿಡುತ್ತಿದ್ದರು. ವಿಷದಲ್ಲಿ ಒಂದು ಜೀವವನ್ನು ಉರಿಸುವ ಆ ಪದ್ಧತಿಯನ್ನು ಈಗಲೂ ಸೂಚಿಸುವವರಿದ್ದಾರೆ, ದಯವಿಟ್ಟು ಅವರ ಮಾತು ಕೇಳಬೇಡಿ. ಈ ನಡುವೆ ಕಲ್ಲುಗಳ ಮೇಲೆ ಕಂದು ಪೊರೆ ಕಟ್ಟುತ್ತದೆ, ಗಾಬರಿ ಬೇಡ, ತಾನೇ ಹೋಗುತ್ತದೆ.

ಹೊಸ ಮೀನು ಯಾವುದೇ ಇರಲಿ, ಮೊದಲ ಒಂದು ತಿಂಗಳು ಪ್ಲಾಸ್ಟಿಕ್ ತೊಟ್ಟಿಯಲ್ಲಿ, ಸ್ಪಂಜ್ ಫಿಲ್ಟರ್ ಮತ್ತು ಅಡಗಲು ಪಿವಿಸಿ ಕೊಳವೆಯ ತುಂಡುಗಳ ಜೊತೆ. ಕ್ರಿಪ್ಟೋಕ್ಯಾರಿಯಾನ್ ಎಂಬ ಬಿಳಿಚುಕ್ಕೆ ರೋಗ ಒಮ್ಮೆ ಮುಖ್ಯ ತೊಟ್ಟಿಗೆ ಬಂದರೆ, ಅಲ್ಲಿಂದ ಮೀನುಗಳನ್ನೆಲ್ಲ ತೆಗೆದು ಎರಡೂವರೆ ತಿಂಗಳು ಮೀನಿಲ್ಲದೆ ಬಿಡಬೇಕಾಗುತ್ತದೆ. ಹವಳದ ಬಂಧುಗಳು, ಸೀಗಡಿ ಇರುವ ನೀರಿಗೆ ಈ ರೋಗಕ್ಕೆ ಕೊಡುವ ತಾಮ್ರದ ಔಷಧಿ ಹಾಕುವಂತಿಲ್ಲವಲ್ಲ.

ಝೋಆಂಥಿಡ್‌ಗಳನ್ನು ನಾನು ಕೊಂಡಿಲ್ಲ, ಇತರ ಹವ್ಯಾಸಿಗಳ ತೊಟ್ಟಿಯಲ್ಲಿ ಬೆಳೆದ ತುಣುಕುಗಳನ್ನು ತಂದು ಅಂಟಿಸಿದೆ. ಇವುಗಳ ಬಗ್ಗೆ ಒಂದು ಮಾತನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಈ ಗುಂಪಿನ ಕೆಲವು ಪ್ಯಾಲಿಥೋವಾ ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಭಯಂಕರ ವಿಷವಿದೆ. ತೊಟ್ಟಿಯಲ್ಲಿ ಸುಮ್ಮನಿದ್ದಾಗ ಅಪಾಯವಿಲ್ಲ. ಆದರೆ ಇವು ಅಂಟಿಕೊಂಡ ಕಲ್ಲನ್ನು ಕುದಿಸಿದರೆ, ಬಿಸಿನೀರಿನಲ್ಲಿ ಉಜ್ಜಿದರೆ ವಿಷ ಹಬೆಯ ಜೊತೆ ಹರಡುತ್ತದೆ. ಹೊರದೇಶಗಳಲ್ಲಿ ಹೀಗೆ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ದಾಖಲಾಗಿವೆ. ಕತ್ತರಿಸುವಾಗ ಕೈಗವಸು ಮತ್ತು ಕಣ್ಣಿಗೆ ಕನ್ನಡಕ ಇರಲೇಬೇಕು. ನಾನು ಕತ್ತರಿಸುವುದೂ ಗಾಳಿಯಾಡುವ ಬಾಲ್ಕನಿಯಲ್ಲಿ, ಮಕ್ಕಳು ಶಾಲೆಗೆ ಹೋದ ಮೇಲೆ.

ಗೋಬಿ ಮತ್ತು ಸೀಗಡಿಯನ್ನು ಗಂಟೆಗಟ್ಟಲೆ ನೋಡಬಹುದು. ಸೀಗಡಿಗೆ ಕಣ್ಣು ಮಂದ. ಬುಲ್ಡೋಜರಿನಂತೆ ಮರಳನ್ನು ಎದೆಯ ಮುಂದೆ ತಳ್ಳಿಕೊಂಡು ಬಿಲದಿಂದ ಹೊರಬರುವಾಗ ಅದರ ಒಂದು ಮೀಸೆ ಗೋಬಿಯ ಮೈಗೆ ತಾಗಿಕೊಂಡೇ ಇರುತ್ತದೆ. ಗೋಬಿ ಬಾಗಿಲಲ್ಲಿ ಅಲುಗಾಡದೆ ಕೂತಿರುತ್ತದೆ. ನಾನು ತೊಟ್ಟಿಯ ಮುಂದೆ ಕೈ ಆಡಿಸಿದರೆ ಗೋಬಿಯ ಬಾಲ ಒಮ್ಮೆ ಅದುರುತ್ತದೆ, ಅಷ್ಟೇ. ಸೀಗಡಿ ಹೊತ್ತ ಮರಳನ್ನು ಅಲ್ಲೇ ಬಿಟ್ಟು ಒಳಗೆ ಮಾಯ. ಊಟ ಹಾಕಿದಾಗ ಗೋಬಿ ಒಂದು ಕಾಳನ್ನು ಬಾಯಲ್ಲಿ ಕಚ್ಚಿ ಬಿಲದೊಳಗೆ ಒಯ್ಯುವುದನ್ನೂ ಕಂಡಿದ್ದೇನೆ.

ಈಗಿನ ಖರ್ಚು ಸಣ್ಣದು. ವಾರಕ್ಕೆ ಒಂಬತ್ತು ಲೀಟರ್ ನೀರು ಬದಲಿಸುತ್ತೇನೆ, ಅದಕ್ಕೆ ಉಪ್ಪು 330 ಗ್ರಾಂ ಬೇಕು. ಮೆದು ಜೀವಿಗಳು ಕ್ಯಾಲ್ಸಿಯಂ ಹೆಚ್ಚು ಬಳಸುವುದಿಲ್ಲವಾದ್ದರಿಂದ ಬೇರೆ ಏನನ್ನೂ ಸುರಿಯುವ ಅಗತ್ಯ ಬಿದ್ದಿಲ್ಲ. ನೈಟ್ರೇಟ್ ಲೀಟರಿಗೆ 5ರಿಂದ 15 ಮಿಲಿಗ್ರಾಂ ನಡುವೆ ಇದ್ದರೆ ನೆಮ್ಮದಿ. ಅದನ್ನು ಸೊನ್ನೆಗಿಳಿಸಲು ಹೊರಟರೆ ಝೋಆಂಥಿಡ್‌ಗಳು ಬಣ್ಣಗೆಟ್ಟು ಮುದುಡುತ್ತವೆ. ಕೀನ್ಯಾ ಟ್ರೀ ತಾನೇ ಕೊಂಬೆ ಉದುರಿಸುತ್ತದೆ, ಬಿದ್ದಲ್ಲೇ ಬೇರೂರುತ್ತದೆ. ಆ ತುಣುಕುಗಳನ್ನು ಕೇಳಿದವರಿಗೆ ಹಣ ಪಡೆಯದೆ ಕೊಡುತ್ತೇನೆ. ಕೊಡುವ ಮೊದಲು ಅವರ ತೊಟ್ಟಿಯ ಲವಣಾಂಶ ಮತ್ತು ಅವರು ಬಳಸುವ ನೀರಿನ ಟಿಡಿಎಸ್ ಎಷ್ಟೆಂದು ವಿಚಾರಿಸುತ್ತೇನೆ. ಉತ್ತರ ಗೊತ್ತಿಲ್ಲದವರಿಗೆ ನನ್ನ ಮೀಟರನ್ನು ವಾರದ ಮಟ್ಟಿಗೆ ಕೊಟ್ಟು ಕಳಿಸುತ್ತೇನೆ, ತುಣುಕು ಅವರು ಮತ್ತೆ ಬಂದಾಗ.